ಎರಡನೇ ವಿಂಡೋಗೆ ಡೇಟಾ ಯಾಕೆ ಹೋಗಲ್ಲ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ ಸುತ್ತ ಇವೆ. ಸಿ ಶಾರ್ಪ್ ಭಾಷೇಲಿ ವಿಂಡೋಸ್ ಫಾರ್ಮ್ಸ್ (ವಿಂಡೋಗಳಿರೋ ಪ್ರೋಗ್ರಾಮ್ ಮಾಡೋ ವಿಧಾನ) ಕಲೀತಿರೋರು ಮೊದಲನೇ ಫಾರ್ಮ್, ಅಂದ್ರೆ ಮೊದಲನೇ ವಿಂಡೋ, ಚೆನ್ನಾಗೇ ಮಾಡ್ತಾರೆ, ಬಟನ್ ಒತ್ತಿದ್ರೆ ಲೆಕ್ಕ ಬರುತ್ತೆ, ಎಲ್ಲಾ ಸರಿ, ಎರಡನೇ ಫಾರ್ಮ್ ಸೇರಿಸಿದ ದಿನದಿಂದ ಒದ್ದಾಟ ಶುರು. ಹಾಗಾಗಿ ಈ ತಿಂಗಳ ಪುಟಗಳು ಪೂರ್ತಿ ಇದಕ್ಕೇ. ಕೋಡ್ ಬರೋ ಕಡೆ ಕನ್ನಡ ಅಕ್ಷರದಲ್ಲೇ ಕೊಟ್ಟಿದೀನಿ, ಕೋಡ್ ಬರೆಯೋ ವಿಶುಯಲ್ ಸ್ಟುಡಿಯೋದಲ್ಲಿ ಇಂಗ್ಲಿಷಲ್ಲಿ ಟೈಪ್ ಮಾಡ್ಕೊಳ್ಳಿ.

ಪ್ರಶ್ನೆ: ನಾನು ಡಿಪ್ಲೊಮಾ ಕೊನೇ ವರ್ಷ. ಫಾರ್ಮ್1ರಲ್ಲಿ ಹೆಸರು ತೋರಿಸೋ ಟೆಕ್ಸ್ಟ್‌ಬಾಕ್ಸ್ ಇದೆ, ಫಾರ್ಮ್2ರಲ್ಲಿ ಹೆಸರು ಟೈಪ್ ಮಾಡಿ ಬಟನ್ ಒತ್ತಿದ್ರೆ ಅದು ಫಾರ್ಮ್1ಕ್ಕೆ ಹೋಗ್ಬೇಕು. ಟೆಕ್ಸ್ಟ್‌ಬಾಕ್ಸನ್ನ ಪಬ್ಲಿಕ್ ಮಾಡಿದೀನಿ, ಬಟನ್ ಒಳಗೆ ನ್ಯೂ ಫಾರ್ಮ್1 ಅಂತ ಮಾಡಿ ಅದರ ಟೆಕ್ಸ್ಟ್‌ಗೆ ವ್ಯಾಲ್ಯೂ ಹಾಕಿದೀನಿ. ಎರರ್ ಬರಲ್ಲ, ಆದ್ರೆ ಫಾರ್ಮ್1ರಲ್ಲಿ ಏನೂ ಬದಲಾಗಲ್ಲ. ಯಾಕೆ?
ಒಬ್ಬ ವಿದ್ಯಾರ್ಥಿನಿ, ಚಾಮರಾಜಪೇಟೆ

ಉತ್ತರ: ಎರರ್ ಬರ್ದೇ ಇರೋದೇ ಇಲ್ಲಿ ನಿಮ್ಮನ್ನ ಜಾಸ್ತಿ ಸತಾಯಿಸ್ತಿರೋದು, ಬಂದಿದ್ರೆ ಯಾವ ಲೈನು ಅಂತಾದ್ರೂ ಗೊತ್ತಾಗ್ತಿತ್ತು. ನಿಮ್ಮ ಕೋಡ್ ನೀವು ಹೇಳಿದ ಕೆಲಸ ಸರಿಯಾಗೇ ಮಾಡ್ತಿದೆ. ನ್ಯೂ ಫಾರ್ಮ್1 ಅಂದ ತಕ್ಷಣ ಮೆಮೊರಿಯಲ್ಲಿ ಹೊಸದಾಗಿ ಇನ್ನೊಂದು ಫಾರ್ಮ್1 ಹುಟ್ಟುತ್ತೆ, ನಿಮ್ಮ ಹೆಸರು ಅದರ ಟೆಕ್ಸ್ಟ್‌ಬಾಕ್ಸ್‌ಗೆ ಹೋಗಿ ಕೂರುತ್ತೆ, ಆದ್ರೆ ಆ ಫಾರ್ಮನ್ನ ಯಾರೂ ಶೋ ಮಾಡಿಲ್ಲ ಆದ್ದರಿಂದ ಅದು ಸ್ಕ್ರೀನ್ ಮೇಲೆ ಬರೋದೇ ಇಲ್ಲ. ನೀವು ಕಣ್ಣಲ್ಲಿ ನೋಡ್ತಿರೋ ಫಾರ್ಮ್1 ಬೇರೆ, ಪ್ರೋಗ್ರಾಮ್ ಶುರುವಾದಾಗ ಅಪ್ಲಿಕೇಶನ್ ಡಾಟ್ ರನ್ ಅನ್ನೋ ಲೈನಲ್ಲಿ ಹುಟ್ಟಿದ್ದು ಅದು. ನಮ್ಮ ಲೇಔಟ್‌ಗಳಲ್ಲಿ ಒಂದೇ ಪ್ಲಾನಲ್ಲಿ ಸಾಲಾಗಿ ಮನೆ ಕಟ್ಟಿರ್ತಾರಲ್ಲ, ಹಂಗೆ ಕ್ಲಾಸ್ ಅನ್ನೋದು ಪ್ಲಾನು, ನ್ಯೂ ಅಂದಾಗ ಎದ್ದು ನಿಲ್ಲೋ ಆಬ್ಜೆಕ್ಟು ಮನೆ, ನೀವು ಪಕ್ಕದ ಖಾಲಿ ಮನೆಗೆ ಸಾಮಾನು ಇಳಿಸಿ ನಿಮ್ಮ ಮನೇಲಿ ಹುಡುಕ್ತಿದೀರ.

ನನ್ನ ಮಾತು ನಂಬ್ಕೊಂಡು ಸುಮ್ನಾಗಬೇಡಿ, ಪರೀಕ್ಷೆ ಮಾಡಿ ನೋಡಿ. ಫಾರ್ಮ್1ರ ಕನ್‌ಸ್ಟ್ರಕ್ಟರ್ (ಆಬ್ಜೆಕ್ಟ್ ಹುಟ್ಟೋವಾಗ ಓಡೋ ಕೋಡ್) ಒಳಗೆ ಇನಿಶಿಯಲೈಜ್‌ಕಾಂಪೊನೆಂಟ್ ಲೈನ್ ಆದ್ಮೇಲೆ ಒಂದು ಮೆಸೇಜ್‌ಬಾಕ್ಸ್ ಹಾಕಿ, "ಫಾರ್ಮ್1 ಹುಟ್ಟಿತು" ಅಂತ. ಪ್ರೋಗ್ರಾಮ್ ಓಪನ್ ಆಗೋವಾಗ ಒಂದ್ಸಲ ಬರುತ್ತೆ, ಅದು ಸರಿ. ಆಮೇಲೆ ಫಾರ್ಮ್2ರ ಬಟನ್ ಒತ್ತಿದಾಗೆಲ್ಲ ಮತ್ತೆ ಮತ್ತೆ ಬರುತ್ತೆ, ಅಂದ್ರೆ ಪ್ರತಿ ಕ್ಲಿಕ್‌ಗೂ ಒಂದೊಂದು ಹೊಸ ಫಾರ್ಮ್1. ಇದನ್ನ ಒಂದ್ಸಲ ಕಣ್ಣಾರೆ ನೋಡಿದ್ರೆ ಮುಂದೆ ಎಲ್ಲೇ ನ್ಯೂ ಅಂತ ಬರೆಯೋವಾಗ್ಲೂ ಕೈ ಒಂದು ಕ್ಷಣ ನಿಲ್ಲುತ್ತೆ.

ಇನ್ನು ಟೆಕ್ಸ್ಟ್‌ಬಾಕ್ಸ್ ಪಬ್ಲಿಕ್ ಮಾಡಿದ್ದು. ಸಿ ಶಾರ್ಪಲ್ಲಿ ಡಿಸೈನರ್ (ಫಾರ್ಮನ್ನ ಎಳೆದು ಜೋಡಿಸೋ ಪರದೆ) ಟೆಕ್ಸ್ಟ್‌ಬಾಕ್ಸ್, ಬಟನ್ ಥರದ ಪ್ರತಿ ಕಂಟ್ರೋಲನ್ನೂ ಪ್ರೈವೇಟ್ ಆಗೇ, ಅಂದ್ರೆ ಬೇರೆ ಫಾರ್ಮ್ ಮುಟ್ಟದ ಹಾಗೇ ಇಡುತ್ತೆ, ಅದನ್ನ ಬದಲಾಯಿಸೋಕೆ ಮಾಡಿಫೈಯರ್ಸ್ ಅನ್ನೋ ಪ್ರಾಪರ್ಟಿ ಕೊಟ್ಟಿದಾರೆ ನಿಜ, ಆದ್ರೆ ದಯವಿಟ್ಟು ಅದನ್ನ ವಾಪಸ್ ಪ್ರೈವೇಟ್ ಮಾಡಿ. ಇವತ್ತು ಟೆಕ್ಸ್ಟ್‌ಬಾಕ್ಸ್ ಇದೆ, ನಾಳೆ ಗೈಡ್ ಬಂದು ಇಲ್ಲಿ ಕಾಂಬೊಬಾಕ್ಸ್ ಇರಲಿ ಅಂತಾರೆ, ಆಗ ಅದನ್ನ ಮುಟ್ಟಿರೋ ಬೇರೆ ಫಾರ್ಮ್‌ಗಳೆಲ್ಲ ಒಟ್ಟಿಗೆ ಒಡೆಯುತ್ತೆ. ಹೊರಗಿನೋರಿಗೆ ಬೇಕಾಗಿರೋದು ಹೆಸರು, ಟೆಕ್ಸ್ಟ್‌ಬಾಕ್ಸ್ ಅಲ್ಲ. ಆ ಹೆಸರನ್ನ ಕೊಡೋ ಒಂದು ಪ್ರಾಪರ್ಟಿ ಬರೀರಿ, ಒಳಗೆ ಏನಿದೆ ಅನ್ನೋದು ಫಾರ್ಮ್‌ನ ಸ್ವಂತ ವಿಷಯ. ವ್ಯಾಲ್ಯೂ ವಾಪಸ್ ತರೋದು ಹೇಗೆ ಅನ್ನೋದು ಮುಂದಿನ ಉತ್ತರದಲ್ಲೇ ಇದೆ.

ಪ್ರಶ್ನೆ: ಎಸ್‌ಪಿ ರೋಡಲ್ಲಿ ನಮ್ಮದು ಕಂಪ್ಯೂಟರ್ ಬಿಡಿಭಾಗದ ಅಂಗಡಿ. ಬಿಲ್ ಮಾಡೋಕೆ ನಾನೇ ಸಣ್ಣ ಸಾಫ್ಟ್‌ವೇರ್ ಬರೀತಿದೀನಿ. ಬಿಲ್ ವಿಂಡೋದಲ್ಲಿ "ಗ್ರಾಹಕ ಹುಡುಕು" ಅಂತ ಬಟನ್, ಒತ್ತಿದ್ರೆ ಇನ್ನೊಂದು ವಿಂಡೋ, ಅಲ್ಲಿ ಲಿಸ್ಟಲ್ಲಿ ಒಬ್ಬರನ್ನ ಆರಿಸಿದ್ರೆ ಅವರ ಹೆಸರು, ಮೊಬೈಲ್ ನಂಬರ್ ಬಿಲ್‌ಗೆ ಬರ್ಬೇಕು. ಈಗ ಹುಡುಕೋ ವಿಂಡೋ ಓಪನ್ ಆಗಿದ್ ತಕ್ಷಣ ಬಿಲ್‌ನಲ್ಲಿ ಖಾಲಿ ಹೆಸರು ಬಂದು ಕೂರುತ್ತೆ, ಆರಿಸೋಕೆ ಮುಂಚೇನೇ.
ಅಂಗಡಿ ಮಾಲೀಕರು, ಎಸ್‌ಪಿ ರೋಡ್

ಉತ್ತರ: ನೀವು ಶೋ ಅಂತ ಬರೆದಿರ್ತೀರ, ಶೋಡೈಲಾಗ್ ಅಂತ ಬರೀಬೇಕಿತ್ತು. ಶೋ ಅಂದ್ರೆ ವಿಂಡೋ ತೋರ್ಸು, ತೋರಿಸಿ ಸುಮ್ನಿರು, ಮುಂದಿನ ಲೈನಿಗೆ ಹೋಗು ಅಂತ. ಹಾಗಾಗಿ ವಿಂಡೋ ಪೂರ್ತಿ ಕಾಣೋಕೆ ಮೊದಲೇ ನಿಮ್ಮ ಮುಂದಿನ ಲೈನ್ ಓಡಿ ಖಾಲಿ ಹೆಸರನ್ನ ಎತ್ಕೊಂಡು ಬಂದುಬಿಟ್ಟಿದೆ. ಶೋಡೈಲಾಗ್ ಅಂದ್ರೆ ಆ ವಿಂಡೋ ಮುಚ್ಚೋವರೆಗೂ ಕೋಡ್ ಆ ಲೈನಲ್ಲೇ ಕಾಯುತ್ತೆ, ಹಿಂದಿನ ಬಿಲ್ ವಿಂಡೋನ ಯಾರೂ ಮುಟ್ಟೋಕೂ ಆಗಲ್ಲ. ಗ್ರಾಹಕರನ್ನ ಆರಿಸೋ ಥರದ ಕೆಲಸಕ್ಕೆ ಇದೇ ಬೇಕಾಗಿರೋದು.

ಈಗ ಹುಡುಕೋ ಫಾರ್ಮ್ ಒಳಗೆ "ಆರಿಸಿದ ಗ್ರಾಹಕ" ಅಂತ ಒಂದು ಪಬ್ಲಿಕ್ ಪ್ರಾಪರ್ಟಿ ಇಡಿ, ಹೊರಗಿಂದ ಓದ್ಬೋದು, ಬದಲಾಯಿಸೋಕಾಗಬಾರದು, ಅಂದ್ರೆ ಗೆಟ್ ಪಬ್ಲಿಕ್, ಸೆಟ್ ಪ್ರೈವೇಟ್. ಸರಿ ಅನ್ನೋ ಬಟನ್ ಒತ್ತಿದಾಗ ಲಿಸ್ಟಲ್ಲಿ ಆರಿಸಿರೋ ಗ್ರಾಹಕನ ಆಬ್ಜೆಕ್ಟನ್ನ ಆ ಪ್ರಾಪರ್ಟಿಗೆ ಹಾಕಿ ಫಾರ್ಮ್‌ನ ಡೈಲಾಗ್‌ರಿಸಲ್ಟನ್ನ (ವಿಂಡೋ ಹೇಗೆ ಮುಚ್ಚಿತು ಅನ್ನೋ ಉತ್ತರ) ಓಕೆ ಅಂತ ಮಾಡಿ, ಅಷ್ಟು ಮಾಡಿದ್ರೆ ವಿಂಡೋ ತಾನೇ ಮುಚ್ಚಿಕೊಳ್ಳುತ್ತೆ, ಕ್ಲೋಸ್ ಅಂತ ಬೇರೆ ಬರೆಯೋದು ಬೇಡ. ಬಿಲ್ ವಿಂಡೋದಲ್ಲಿ ಇಷ್ಟು:

ಯೂಸಿಂಗ್ (ವಾರ್ ಹುಡುಕು = ನ್ಯೂ ಗ್ರಾಹಕಫಾರ್ಮ್())
ಇಫ್ (ಹುಡುಕು.ಶೋಡೈಲಾಗ್(ದಿಸ್) == ಡೈಲಾಗ್‌ರಿಸಲ್ಟ್.ಓಕೆ)
ಬಿಲ್‌ಗೆಹಾಕು(ಹುಡುಕು.ಆರಿಸಿದಗ್ರಾಹಕ);

ಆ ಇಫ್ ಬಿಡಲೇಬೇಡಿ. ಅಂಗಡೀಲಿ ಜನ ನಿಂತಿರ್ತಾರೆ, ಕ್ಯಾಷಲ್ಲಿರೋ ಹುಡುಗ ಯಾರನ್ನೂ ಆರಿಸ್ದೇ ಮೂಲೆಯ ಎಕ್ಸ್ ಒತ್ತಿಬಿಡ್ತಾನೆ, ಆಗ ರಿಸಲ್ಟ್ ಕ್ಯಾನ್ಸಲ್ ಅಂತ ಬರುತ್ತೆ, ಪ್ರಾಪರ್ಟಿ ಒಳಗೆ ನಲ್ (ಏನೂ ಇಲ್ಲ ಅಂತ) ಇರುತ್ತೆ, ಇಫ್ ಇಲ್ದಿದ್ರೆ ಬಿಲ್ ಮಾಡೋ ಮಧ್ಯದಲ್ಲೇ ಪ್ರೋಗ್ರಾಮ್ ಬಿದ್ದುಹೋಗುತ್ತೆ. ಹಾಗೇ, ಯಾರನ್ನೂ ಆರಿಸ್ದೇ ಸರಿ ಬಟನ್ ಒತ್ತಿದ್ರೆ? ಡಿಸೈನರ್‌ನಲ್ಲೇ ಬಟನ್‌ಗೆ ಓಕೆ ಅಂತ ಸೆಟ್ ಮಾಡಿದ್ರೆ ಅದು ಏನಾದ್ರೂ ಆಗ್ಲಿ ಅಂತ ಮುಚ್ಕೊಂಡೇ ಹೋಗುತ್ತೆ, ಅದನ್ನ ತಡೆಯೋಕೆ ಕ್ಲಿಕ್ ಒಳಗೆ ಫಾರ್ಮ್‌ನ ಡೈಲಾಗ್‌ರಿಸಲ್ಟನ್ನ ನನ್ (None) ಅಂತ ಮಾಡಿದ್ರೆ ವಿಂಡೋ ಓಪನ್ ಆಗೇ ಉಳಿಯುತ್ತೆ, ಒಂದು ಮೆಸೇಜ್ ತೋರಿಸಿ "ದಯವಿಟ್ಟು ಒಬ್ಬರನ್ನ ಆರಿಸಿ" ಅಂತ.

ಯೂಸಿಂಗ್ ಯಾಕೆ ಅಂದ್ರೆ, ಶೋಡೈಲಾಗಲ್ಲಿ ತೆರೆದ ಫಾರ್ಮ್ ಮುಚ್ಚಿದಾಗ ನಿಜವಾಗಿ ಸಾಯಲ್ಲ, ಬರೀ ಮರೆಯಾಗುತ್ತೆ. ಅದು ನಮಗೆ ಅನುಕೂಲಾನೇ, ಮರೆಯಾದ್ಮೇಲೂ ಅದರ ಪ್ರಾಪರ್ಟಿ ಓದ್ಬೋದು, ಆದ್ರೆ ಓದಿದ್ಮೇಲೆ ಅದನ್ನ ಡಿಸ್ಪೋಸ್ ಮಾಡೋ, ಅಂದ್ರೆ ವಿಲೇವಾರಿ ಮಾಡೋ ಜವಾಬ್ದಾರಿ ನಮ್ದು, ಯೂಸಿಂಗ್ ಹಾಕಿದ್ರೆ ಅದು ತಾನೇ ಆಗುತ್ತೆ. ಬೆಳಿಗ್ಗೆ ಅಂಗಡಿ ತೆಗೆದಾಗ ಶುರುವಾದ ಪ್ರೋಗ್ರಾಮ್ ರಾತ್ರಿ ಬಾಗಿಲು ಹಾಕೋವರೆಗೂ ಓಡ್ತಿರುತ್ತೆ, ಪ್ರತಿ ಬಿಲ್‌ಗೂ ಒಂದೊಂದು ಮರೆಯಾದ ವಿಂಡೋ ಹಿಂದೆ ಬಿದ್ದಿರೋದು ಒಳ್ಳೇದಲ್ಲ.

ನಿಮ್ಮ ಪತ್ರದಲ್ಲಿ ಇನ್ನೊಂದು ಕಣ್ಣಿಗೆ ಬಿತ್ತು, ಮೊಬೈಲ್ ನಂಬರನ್ನ ಇಂಟ್ (ಪೂರ್ಣಾಂಕ) ಆಗಿ ಇಟ್ಕೊಂಡಿದೀರ. ಇಂಟ್‌ಗೆ ಹಿಡಿಯೋ ಅತಿ ದೊಡ್ಡ ಸಂಖ್ಯೆ 2147483647. ನಮ್ಮ ಮೊಬೈಲ್ ನಂಬರ್ 10 ಅಂಕಿ, 6, 7, 8, 9ರಿಂದಲೇ ಶುರುವಾಗೋದು, ಅಂದ್ರೆ ಒಂದೇ ಒಂದು ನಂಬರೂ ಅದ್ರಲ್ಲಿ ಹಿಡಿಯಲ್ಲ. ಫೋನ್ ನಂಬರ್‌ನ ಕೂಡಿ ಕಳೆಯೋದೇನೂ ಇಲ್ವಲ್ಲ, ಸ್ಟ್ರಿಂಗ್ (ಅಕ್ಷರಗಳ ಸಾಲು) ಆಗೇ ಇಡಿ. ದುಡ್ಡಿನ ಲೆಕ್ಕಕ್ಕೆ ಡಬಲ್ ಬೇಡ, ಡೆಸಿಮಲ್ ಬಳಸಿ.

ಪ್ರಶ್ನೆ: ಕನ್‌ಸ್ಟ್ರಕ್ಟರ್ ಮೂಲಕ ಹೆಸರು ಕಳಿಸಿದೆ, ಫಾರ್ಮ್2 ಓಪನ್ ಆಗೋ ಮೊದಲೇ ನಲ್ ರೆಫರೆನ್ಸ್ ಎಕ್ಸೆಪ್ಶನ್ ಅಂತ ಎರರ್. ಹೆಸರಲ್ಲಿ ವ್ಯಾಲ್ಯೂ ಇದೆ, ಚೆಕ್ ಮಾಡಿದೀನಿ.
ಓದುಗರು, ಜಯನಗರ 4ನೇ ಬ್ಲಾಕ್

ಉತ್ತರ: ನಲ್ ಆಗಿರೋದು ಹೆಸರಲ್ಲ, ಫಾರ್ಮ್2ರಲ್ಲಿ ಅದನ್ನ ತೋರಿಸೋ ಲೇಬಲ್. ನೀವು ಇನಿಶಿಯಲೈಜ್‌ಕಾಂಪೊನೆಂಟ್‌ಗಿಂತ ಮೇಲಿನ ಲೈನಲ್ಲಿ ಲೇಬಲ್‌ಗೆ ಟೆಕ್ಸ್ಟ್ ಹಾಕಿದೀರ, ಇಲ್ಲಾಂದ್ರೆ ಹೊಸ ಕನ್‌ಸ್ಟ್ರಕ್ಟರಲ್ಲಿ ಅದನ್ನ ಕರೆಯೋದೇ ಮರೆತಿದೀರ. ಡಿಸೈನರ್‌ನಲ್ಲಿ ನೀವು ಎಳೆದಿಟ್ಟ ಕಂಟ್ರೋಲ್‌ಗಳೆಲ್ಲ ಹುಟ್ಟೋದು ಆ ಒಂದು ಕರೆಯಲ್ಲೇ. ಅದು ಮೊದಲು ಇರ್ಲಿ, ನಿಮ್ಮ ಕೆಲಸ ಆಮೇಲೆ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟ್ ಸಂಘಕ್ಕೆ ಮೇಂಟೆನೆನ್ಸ್ ಲೆಕ್ಕದ ಪ್ರೋಗ್ರಾಮ್ ಮಾಡಿದೀನಿ. ಒಂದು ವಿಂಡೋದಲ್ಲಿ ಎಲ್ಲಾ ಮನೆಗಳ ಬಾಕಿ ಲಿಸ್ಟ್, ಇನ್ನೊಂದರಲ್ಲಿ ಪಾವತಿ ಎಂಟ್ರಿ. ಎರಡೂ ಪಕ್ಕಪಕ್ಕ ಓಪನ್ ಇರ್ಬೇಕು, ಒಂದಾದ್ಮೇಲೆ ಒಂದು ಎಂಟ್ರಿ ಹಾಕ್ತಾ ಹೋಗ್ಬೇಕು, ಲಿಸ್ಟ್ ತಾನೇ ಬದಲಾಗ್ಬೇಕು. ಶೋಡೈಲಾಗ್ ಹಾಕಿದ್ರೆ ಲಿಸ್ಟ್ ಮುಟ್ಟೋಕಾಗಲ್ಲ. ಈಗ ಟೈಮರ್ ಇಟ್ಟು ಎರಡೆರಡು ಸೆಕೆಂಡಿಗೆ ಲಿಸ್ಟ್ ರಿಫ್ರೆಶ್ ಮಾಡ್ತಿದೀನಿ, ಆದ್ರೆ ಸ್ಕ್ರೋಲ್ ಮಾಡಿದ್ದು ಪದೇಪದೇ ಮೇಲಕ್ಕೆ ಹಾರುತ್ತೆ.
ನಿವೃತ್ತ ಬ್ಯಾಂಕ್ ಉದ್ಯೋಗಿ, ವಿಜಯನಗರ

ಉತ್ತರ: ನಿವೃತ್ತಿ ಆದ್ಮೇಲೆ ಕೂತು ಕಲಿತು ಸಂಘಕ್ಕೆ ಉಪಯೋಗ ಆಗೋದು ಮಾಡ್ತಿದೀರಲ್ಲ, ಓದಿ ಬಹಳ ಖುಷಿಯಾಯ್ತು, ಅದಕ್ಕೇ ಇದಕ್ಕೆ ಸ್ವಲ್ಪ ಉದ್ದ ಉತ್ತರ.

ಟೈಮರ್ ತೆಗೀರಿ. ಲಿಸ್ಟ್ ವಿಂಡೋ ಎರಡು ಸೆಕೆಂಡಿಗೊಮ್ಮೆ "ಏನಾದ್ರೂ ಆಯ್ತಾ, ಏನಾದ್ರೂ ಆಯ್ತಾ" ಅಂತ ಕೇಳ್ತಿರೋ ಬದಲು ಪಾವತಿ ವಿಂಡೋನೇ "ಒಂದು ಪಾವತಿ ಬಂತು" ಅಂತ ಕೂಗಿ ಹೇಳ್ಬೇಕು. ಆ ಕೂಗೋ ವ್ಯವಸ್ಥೆಗೆ ಸಿ ಶಾರ್ಪಲ್ಲಿ ಇವೆಂಟ್ ಅಂತಾರೆ. ನೀವು ದಿನಾ ಬಳಸ್ತಾನೇ ಇದೀರ, ಬಟನ್‌ನ ಕ್ಲಿಕ್ ಕೂಡ ಇವೆಂಟೇ. ಬಟನ್‌ಗೆ ನಿಮ್ಮ ಫಾರ್ಮ್ ಯಾವುದು, ಸಂಘ ಯಾವುದು ಏನೂ ಗೊತ್ತಿಲ್ಲ, ಒತ್ತಿದ್ರು ಅಂತ ಹೇಳುತ್ತೆ ಅಷ್ಟೇ, ಕೇಳಿಸ್ಕೊಳ್ಳೋರು ಕೇಳಿಸ್ಕೊಳ್ತಾರೆ. ನಿಮ್ಮ ಪಾವತಿ ಫಾರ್ಮೂ ಹಾಗೇ ಇರ್ಲಿ.

ಪಾವತಿ ಫಾರ್ಮ್‌ನಲ್ಲಿ:

ಪಬ್ಲಿಕ್ ಇವೆಂಟ್ ಇವೆಂಟ್‌ಹ್ಯಾಂಡ್ಲರ್<ಪಾವತಿ> ಪಾವತಿಸೇರಿತು;

ಸೇವ್ ಬಟನ್ ಒಳಗೆ, ಡೇಟಾಬೇಸ್‌ಗೆ ಬರೆದಾದ್ಮೇಲೆ, ಬರೆಯೋಕೆ ಮುಂಚೆ ಅಲ್ಲ:

ಪಾವತಿಸೇರಿತು?.ಇನ್ವೋಕ್(ದಿಸ್, ಹೊಸಪಾವತಿ);

ಆ ಪ್ರಶ್ನಾರ್ಥಕ ಚಿಹ್ನೆ ಯಾಕೆ ಅಂದ್ರೆ ಯಾರೂ ಕೇಳ್ತಿಲ್ಲ ಅಂದ್ರೆ ಇವೆಂಟ್ ನಲ್ ಆಗಿರುತ್ತೆ, ಅದಿಲ್ದೆ ಕರೆದ್ರೆ ಎರರ್. ಲಿಸ್ಟ್ ಫಾರ್ಮ್‌ನಲ್ಲಿ ಪಾವತಿ ಫಾರ್ಮನ್ನ ನ್ಯೂ ಮಾಡಿದ ಕೂಡ್ಲೇ, ಶೋ ಮಾಡೋಕೆ ಮುಂಚೆ, ಅದರ ಪಾವತಿಸೇರಿತು ಇವೆಂಟ್‌ಗೆ ಪ್ಲಸ್ ಈಕ್ವಲ್ ಹಾಕಿ ನಿಮ್ಮ ಮೆಥಡ್ ಜೋಡಿಸಿ. ಆ ಮೆಥಡ್‌ಗೆ ಪಾವತಿಯ ಆಬ್ಜೆಕ್ಟೇ ಕೈಗೆ ಬರುತ್ತೆ, ಯಾವ ಮನೆ, ಎಷ್ಟು ರೂಪಾಯಿ ಎಲ್ಲಾ ಅದ್ರಲ್ಲೇ ಇದೆ, ಹಾಗಾಗಿ ಪೂರ್ತಿ ಲಿಸ್ಟ್ ಮತ್ತೆ ತುಂಬೋ ಅಗತ್ಯಾನೇ ಇಲ್ಲ, ಆ ಮನೆಯ ಒಂದು ಸಾಲು ಮಾತ್ರ ಬದಲಾಯಿಸಿದ್ರೆ ಸಾಕು, ಸ್ಕ್ರೋಲ್ ಇದ್ದ ಜಾಗದಲ್ಲೇ ಇರುತ್ತೆ. ಗ್ರಿಡ್‌ಗೆ (ಸಾಲು ತೋರಿಸೋ ಟೇಬಲ್) ನೀವು ಲಿಸ್ಟ್ ಬೈಂಡ್ ಮಾಡಿದ್ರೆ, ಅಂದ್ರೆ ಜೋಡಿಸಿದ್ರೆ, ಅದನ್ನ ಬೈಂಡಿಂಗ್‌ಲಿಸ್ಟ್ ಮಾಡ್ಕೊಳ್ಳಿ, ಸಾಲು ಸೇರಿಸಿದ್ದು ತೆಗೆದಿದ್ದು ಗ್ರಿಡ್‌ಗೆ ತಾನೇ ಗೊತ್ತಾಗುತ್ತೆ, ಬರೀ ಲಿಸ್ಟ್‌ಗೆ ಆ ಶಕ್ತಿ ಇಲ್ಲ. ಇದ್ದ ಸಾಲಿನ ಒಳಗಿನ ಬಾಕಿ ಮಾತ್ರ ಬದಲಾದ್ರೆ ಆ ಸಾಲಿಗೆ ರಿಸೆಟ್‌ಐಟಮ್ ಅಂತ ಒಂದು ಕರೆ ಹಾಕಿ.

ಗಮನಿಸಿ, ಇಷ್ಟೆಲ್ಲಾ ಆದ್ರೂ ಪಾವತಿ ಫಾರ್ಮ್ ಒಳಗೆ ಲಿಸ್ಟ್ ಫಾರ್ಮ್‌ನ ಹೆಸರೇ ಬಂದಿಲ್ಲ. ನನಗೆ ಇದು ತುಂಬಾ ಮುಖ್ಯ ಅನ್ಸುತ್ತೆ. ನಾಳೆ ಖಜಾಂಚಿಗೆ ಅಂತ ಇನ್ನೊಂದು ವಿಂಡೋ ಮಾಡಿ ಅದ್ರಲ್ಲಿ ಇವತ್ತಿನ ಒಟ್ಟು ಜಮೆ ತೋರಿಸ್ಬೇಕು ಅಂದ್ರೆ ಪಾವತಿ ಫಾರ್ಮ್‌ನ ಒಂದಕ್ಷರ ಮುಟ್ದೇನೇ ಆಗುತ್ತೆ, ಅದೂ ಅದೇ ಇವೆಂಟ್ ಕೇಳಿಸ್ಕೊಂಡ್ರೆ ಆಯ್ತು.

ಎರಡು ಎಚ್ಚರಿಕೆ. ಶೋ ಮಾಡಿ ತೆರೆದ ಫಾರ್ಮ್ ಮುಚ್ಚಿದ್ರೆ ಅದು ಡಿಸ್ಪೋಸ್ ಆಗುತ್ತೆ, ಅದೇ ವೇರಿಯಬಲ್ ಇಟ್ಕೊಂಡು ಮತ್ತೆ ಶೋ ಅಂದ್ರೆ ಆಬ್ಜೆಕ್ಟ್ ಡಿಸ್ಪೋಸ್ಡ್ ಎಕ್ಸೆಪ್ಶನ್ ಬರುತ್ತೆ. ಅದಕ್ಕೆ ಬಟನ್ ಒಳಗೆ ಮೊದಲು ನೋಡಿ, ವೇರಿಯಬಲ್ ನಲ್ ಇದ್ಯಾ ಅಥ್ವಾ ಈಸ್‌ಡಿಸ್ಪೋಸ್ಡ್ ನಿಜ ಇದ್ಯಾ, ಇದ್ರೆ ಹೊಸದು ಮಾಡಿ ಇವೆಂಟ್ ಜೋಡಿಸಿ ಶೋ ಮಾಡಿ, ಇಲ್ಲಾಂದ್ರೆ ಇರೋದನ್ನೇ ಆಕ್ಟಿವೇಟ್ ಮಾಡಿ ಮುಂದಕ್ಕೆ ತನ್ನಿ. ಎರಡನೇದು, ಇವೆಂಟ್ ಇಟ್ಕೊಂಡಿರೋ ಆಬ್ಜೆಕ್ಟ್ ಕೇಳೋರನ್ನ ಗಟ್ಟಿಯಾಗಿ ಹಿಡಿದಿರುತ್ತೆ. ನಿಮ್ಮದ್ರಲ್ಲಿ ದಿನವಿಡೀ ಇರೋ ಲಿಸ್ಟ್ ಫಾರ್ಮ್, ಸ್ವಲ್ಪ ಹೊತ್ತು ಇದ್ದು ಹೋಗೋ ಪಾವತಿ ಫಾರ್ಮನ್ನ ಕೇಳ್ತಿದೆ, ಹಾಗಾಗಿ ತೊಂದರೆ ಇಲ್ಲ. ಉಲ್ಟಾ ಆದ್ರೆ, ಅಂದ್ರೆ ಸಣ್ಣ ವಿಂಡೋ ಮುಖ್ಯ ವಿಂಡೋದ ಇವೆಂಟ್ ಕೇಳ್ತಿದ್ರೆ, ಮುಚ್ಚೋವಾಗ ಫಾರ್ಮ್‌ಕ್ಲೋಸ್ಡ್‌ನಲ್ಲಿ ಮೈನಸ್ ಈಕ್ವಲ್ ಹಾಕಿ ಬಿಡಿಸಲೇಬೇಕು, ಇಲ್ದಿದ್ರೆ ಮುಚ್ಚಿದ ವಿಂಡೋಗಳೆಲ್ಲ ಮೆಮೊರಿಯಲ್ಲೇ ಉಳಿದು ಒಂದು ಪಾವತಿಗೆ ಹತ್ತು ಕಡೆ ಕೋಡ್ ಓಡೋಕೆ ಶುರುವಾಗುತ್ತೆ.

ಪ್ರಶ್ನೆ: ಕನ್‌ಸ್ಟ್ರಕ್ಟರ್, ಇವೆಂಟ್ ಎಲ್ಲಾ ಯಾಕೆ, ಒಂದು ಸ್ಟ್ಯಾಟಿಕ್ ಕ್ಲಾಸ್ ಮಾಡಿ ಎಲ್ಲಾ ಅದ್ರಲ್ಲಿ ಹಾಕು, ಎಲ್ಲಾ ಫಾರ್ಮಿಗೂ ಸಿಗುತ್ತೆ ಅಂತ ನನ್ನ ಸೀನಿಯರ್ ಹೇಳ್ತಾರೆ. ಕೆಲಸಾನೂ ಆಗ್ತಿದೆ. ತಪ್ಪೇನು?
ಓದುಗರು, ಯಶವಂತಪುರ

ಉತ್ತರ: ಕೆಲಸ ಆಗುತ್ತೆ, ಅದ್ರಲ್ಲಿ ಸುಳ್ಳಿಲ್ಲ. ಇಡೀ ಪ್ರೋಗ್ರಾಮ್‌ಗೆ ಒಂದೇ ಇರೋ ವಿಷಯ, ಉದಾಹರಣೆಗೆ ಈಗ ಲಾಗಿನ್ ಆಗಿರೋರು ಯಾರು, ಡೇಟಾಬೇಸ್ ಎಲ್ಲಿದೆ, ಇಂಥವಕ್ಕೆ ಸ್ಟ್ಯಾಟಿಕ್ ಇಟ್ರೆ ನಾನೂ ಬೇಡ ಅನ್ನಲ್ಲ. ಆದ್ರೆ "ಈಗಿನ ಬಿಲ್" ಅಂತ ಸ್ಟ್ಯಾಟಿಕ್ ಇಟ್ರಿ ಅಂತ ಇಟ್ಕೊಳ್ಳಿ. ಒಬ್ಬ ಗ್ರಾಹಕರು ಯುಪಿಐ ಆಗ್ತಿಲ್ಲ ಅಂತ ಫೋನ್ ಹಿಡ್ಕೊಂಡು ನಿಂತಿದಾರೆ, ಅಷ್ಟ್ರಲ್ಲಿ ಹಿಂದಿನೋರಿಗೆ ಇನ್ನೊಂದು ಬಿಲ್ ವಿಂಡೋ ತೆರೆದ್ರಿ, ಸ್ಟ್ಯಾಟಿಕ್ ಒಂದೇ ಇರೋದು, ಎರಡನೇ ಬಿಲ್ ಮೊದಲನೇದರ ಮೇಲೆ ಕೂತುಬಿಡ್ತು. ಮೊದಲನೇ ವಿಂಡೋಗೆ ವಾಪಸ್ ಬಂದು ಸೇವ್ ಒತ್ತಿದ್ರೆ ಒಬ್ಬರ ಹೆಸರಲ್ಲಿ ಇನ್ನೊಬ್ಬರ ಸಾಮಾನು. ಇಂಥ ತಪ್ಪು ನೀವು ಒಬ್ಬರೇ ಕೂತು ಟೆಸ್ಟ್ ಮಾಡೋವಾಗ ಸಿಗೋದೇ ಇಲ್ಲ, ಅಂಗಡೀಲಿ ರಶ್ ಇದ್ದಾಗ್ಲೇ ಸಿಗೋದು. ಯಾವ ಫಾರ್ಮ್ ಬದಲಾಯಿಸ್ತು ಅಂತ ಹುಡುಕೋಕೂ ಆಗಲ್ಲ ಯಾಕಂದ್ರೆ ಎಲ್ಲಾ ಫಾರ್ಮಿಗೂ ಬದಲಾಯಿಸೋ ಹಕ್ಕಿದೆ. ಬಿಲ್‌ನ ಬಿಲ್ ಫಾರ್ಮ್‌ಗೆ ಕನ್‌ಸ್ಟ್ರಕ್ಟರಲ್ಲಿ ಕೊಡಿ, ಪ್ರತಿ ವಿಂಡೋಗೆ ಅದರದ್ದೇ ಬಿಲ್.

ಪ್ರಶ್ನೆ: ಗ್ರಾಹಕರ ವಿವರ ತಿದ್ದೋ ವಿಂಡೋಗೆ ಗ್ರಾಹಕ ಆಬ್ಜೆಕ್ಟ್ ಕಳಿಸ್ತೀನಿ. ತಿದ್ದಿ ಆಮೇಲೆ ಕ್ಯಾನ್ಸಲ್ ಒತ್ತಿದ್ರೂ ಮುಖ್ಯ ವಿಂಡೋದಲ್ಲಿ ಹೆಸರು ಬದಲಾಗಿರುತ್ತೆ.
ಗೃಹಿಣಿ, ಆನ್‌ಲೈನ್‌ನಲ್ಲಿ ಕೋಡಿಂಗ್ ಕಲೀತಿರೋರು, ಬನಶಂಕರಿ

ಉತ್ತರ: ಕ್ಲಾಸ್‌ನ ಆಬ್ಜೆಕ್ಟ್ ಕಳಿಸಿದ್ರೆ ಅದರ ನಕಲು ಹೋಗಲ್ಲ, ಎರಡೂ ವಿಂಡೋ ಅದೇ ಒಂದು ಗ್ರಾಹಕನ್ನ ಹಿಡ್ಕೊಂಡಿರ್ತವೆ. ನಿಮ್ಮ ಎಡಿಟ್ ಫಾರ್ಮ್ ಒಂದೊಂದು ಅಕ್ಷರ ಟೈಪ್ ಮಾಡ್ದಾಗ್ಲೂ ನೇರವಾಗಿ ಆಬ್ಜೆಕ್ಟ್‌ಗೆ ಬರೀತಿದೆ, ಹಾಗಾಗಿ ಕ್ಯಾನ್ಸಲ್ ಒತ್ತೋ ಹೊತ್ತಿಗೆ ವಾಪಸ್ ತರೋಕೆ ಹಳೇದು ಎಲ್ಲೂ ಉಳಿದೇ ಇಲ್ಲ. ಫಾರ್ಮ್ ತೆರೆದಾಗ ಆಬ್ಜೆಕ್ಟಿಂದ ಟೆಕ್ಸ್ಟ್‌ಬಾಕ್ಸ್‌ಗಳಿಗೆ ತುಂಬಿ, ಸರಿ ಒತ್ತಿದಾಗ ಮಾತ್ರ ಟೆಕ್ಸ್ಟ್‌ಬಾಕ್ಸಿಂದ ಆಬ್ಜೆಕ್ಟ್‌ಗೆ ವಾಪಸ್ ಬರೀರಿ. ಡೇಟಾ ಬೈಂಡಿಂಗ್ ಬಳಸ್ತಿದ್ರೆ ಒಂದು ನಕಲು ಮಾಡಿ ನಕಲನ್ನ ಬೈಂಡ್ ಮಾಡಿ. ಸ್ಟ್ರಿಂಗ್, ಇಂಟ್, ಡೆಸಿಮಲ್ ಕಳಿಸಿದಾಗ ಈ ತೊಂದರೆ ಬರಲ್ಲ, ಲಿಸ್ಟ್ ಕಳಿಸಿದಾಗ ಖಂಡಿತ ಬರುತ್ತೆ.

ಪ್ರಶ್ನೆ: ವಿಬಿಯಲ್ಲಿ (ವಿಶುಯಲ್ ಬೇಸಿಕ್) ಫಾರ್ಮ್2.ಶೋ ಅಂತ ನೇರವಾಗಿ ಬರೆದ್ರೆ ಆಗ್ತಿತ್ತು, ಸಿ ಶಾರ್ಪಲ್ಲಿ ಯಾಕಾಗಲ್ಲ?
ಕಂಪ್ಯೂಟರ್ ಶಿಕ್ಷಕರು, ಕೆಂಗೇರಿ

ಉತ್ತರ: ವಿಬಿ ನಿಮ್ಮ ಪರವಾಗಿ ತೆರೆಮರೆಯಲ್ಲಿ ಒಂದು ಆಬ್ಜೆಕ್ಟ್ ಮಾಡಿಟ್ಟು ಅದಕ್ಕೆ ಕ್ಲಾಸ್‌ನ ಹೆಸರೇ ಕೊಡುತ್ತೆ. ವಿಬಿ 6ರಲ್ಲಿ ಇತ್ತು, 2002ರ ಮೊದಲ ವಿಬಿ ಡಾಟ್‌ನೆಟ್‌ನಲ್ಲಿ ತೆಗೆದ್ರು, 2005ರ ಆವೃತ್ತಿಯಲ್ಲಿ ವಾಪಸ್ ತಂದ್ರು. ಸಿ ಶಾರ್ಪಲ್ಲಿ ಅದು ಯಾವತ್ತೂ ಇರ್ಲಿಲ್ಲ. ಮಕ್ಕಳಿಗೆ ಪಾಠ ಮಾಡೋವಾಗ ವಿಬಿಯಲ್ಲೂ ಡಿಮ್ ಎಫ್ ಆಸ್ ನ್ಯೂ ಫಾರ್ಮ್2 ಅಂತ ಬರೆಸೋದೇ ಒಳ್ಳೇದು ಅನ್ನೋದು ನನ್ನ ಅಭಿಪ್ರಾಯ, ಕ್ಲಾಸ್ ಬೇರೆ ಆಬ್ಜೆಕ್ಟ್ ಬೇರೆ ಅನ್ನೋದು ಆ ಒಂದು ಲೈನಲ್ಲೇ ಮನಸ್ಸಿಗೆ ಹೋಗುತ್ತೆ, ಆಮೇಲೆ ಅವರು ಸಿ ಶಾರ್ಪಿಗೋ ಜಾವಾಗೋ ಹೋದಾಗ ಮೊದಲನೇ ಪ್ರಶ್ನೆ ಕೇಳಿದ ವಿದ್ಯಾರ್ಥಿನಿ ಥರ ಒದ್ದಾಡಲ್ಲ.

ಪ್ರಶ್ನೆ: ಎಂಟ್ರಿ ವಿಂಡೋದಲ್ಲಿ ಕನ್ನಡದಲ್ಲಿ ಹೆಸರು ಟೈಪ್ ಮಾಡ್ತೀನಿ, ಪ್ರಿವ್ಯೂ ವಿಂಡೋದಲ್ಲಿ ಸರಿಯಾಗಿ ಬರುತ್ತೆ. ಪ್ರೋಗ್ರಾಮ್ ಮುಚ್ಚಿ ತೆರೆದ್ರೆ ಬರೀ ಪ್ರಶ್ನಾರ್ಥಕ ಚಿಹ್ನೆಗಳು. ವಿಂಡೋಯಿಂದ ವಿಂಡೋಗೆ ಕಳಿಸೋವಾಗ ಕನ್ನಡ ಹಾಳಾಗುತ್ತಾ?
ಗ್ರಂಥಾಲಯದಲ್ಲಿ ಕೆಲಸ ಮಾಡೋ ಓದುಗರು, ಮಲ್ಲೇಶ್ವರಂ

ಉತ್ತರ: ಕಳಿಸೋವಾಗ ಹಾಳಾಗಲ್ಲ. ಡಾಟ್‌ನೆಟ್ (ಸಿ ಶಾರ್ಪ್ ಓಡೋ ವೇದಿಕೆ) ಸ್ಟ್ರಿಂಗ್ ಯೂನಿಕೋಡೇ, ಕನ್ನಡ ಎಷ್ಟು ವಿಂಡೋ ದಾಟಿದ್ರೂ ಹಾಗೇ ಇರುತ್ತೆ, ಪ್ರಿವ್ಯೂನಲ್ಲಿ ಸರಿ ಬಂದಿದ್ದೇ ಅದಕ್ಕೆ ಸಾಕ್ಷಿ. ಹಾಳಾಗ್ತಿರೋದು ಸೇವ್ ಮಾಡೋವಾಗ. ಪತ್ರದಲ್ಲಿ ನೀವು ಡೇಟಾಬೇಸ್ ಎಸ್‌ಕ್ಯೂಎಲ್ ಸರ್ವರ್ ಅಂತ ಬರೆದಿದೀರ, ಹೆಸರಿನ ಕಾಲಂ ವಾರ್‌ಚಾರ್ ಇರ್ಬೇಕು. ವಾರ್‌ಚಾರ್ ಸಾಮಾನ್ಯವಾಗಿ ಹಳೇ ಕೋಡ್‌ಪೇಜ್ (ಅಕ್ಷರಗಳ ಪಟ್ಟಿ) ನಂಬ್ಕೊಂಡಿರುತ್ತೆ, ಆ ಕೋಡ್‌ಪೇಜಲ್ಲಿ ಕನ್ನಡ ಅಕ್ಷರಗಳಿಗೆ ಜಾಗಾನೇ ಇಲ್ಲ, ಸಿಗದ ಪ್ರತಿ ಅಕ್ಷರಕ್ಕೂ ಒಂದು ಪ್ರಶ್ನಾರ್ಥಕ ಬರೆದು ಸುಮ್ನಾಗುತ್ತೆ. ಕಾಲಂನ ಎನ್‌ವಾರ್‌ಚಾರ್ ಮಾಡಿ. ಇನ್ಸರ್ಟ್ ಲೈನನ್ನ ಸ್ಟ್ರಿಂಗ್ ಜೋಡಿಸಿ ಬರೀತಿದ್ರೆ ಅದನ್ನ ಬಿಟ್ಟು ಪ್ಯಾರಾಮೀಟರ್ ಬಳಸಿ, ಅಂದ್ರೆ ವ್ಯಾಲ್ಯೂನ ಬೇರೆಯಾಗೇ ಕೊಡಿ, ಅದ್ರಲ್ಲಿ ಕನ್ನಡಾನೂ ಉಳಿಯುತ್ತೆ, ಹೆಸರಲ್ಲಿ ಕೋಟ್ ಚಿಹ್ನೆ ಬಂದ್ರೂ ಒಡೆಯಲ್ಲ. ಈಗಾಗ್ಲೇ ಪ್ರಶ್ನಾರ್ಥಕ ಆಗಿ ಸೇವ್ ಆಗಿರೋ ಹೆಸರುಗಳು ಕಾಲಂ ಬದಲಾಯಿಸಿದ್ರೂ ವಾಪಸ್ ಬರಲ್ಲ, ಅವನ್ನ ಸದಸ್ಯರ ಅರ್ಜಿ ನೋಡ್ಕೊಂಡು ಮತ್ತೆ ಟೈಪ್ ಮಾಡ್ಲೇಬೇಕು, ಹಾಗಾಗಿ ಹೊಸ ಎಂಟ್ರಿ ಇವತ್ತೇ ನಿಲ್ಲಿಸಿ, ಮೊದಲು ಕಾಲಂ ಸರಿ ಮಾಡಿ, ಆಮೇಲೆ ಮುಂದುವರಿಸಿ.